ಯಾವ ತಾರೀಖಿಗೆ ರಿಪೇರಿ?

ಹಳೆಯ ರೇಸ್ ಕಾರುಗಳನ್ನು ನೋಡಲು ಹೋದಾಗಲೆಲ್ಲ ನನಗೊಂದು ಕಿರಿಕಿರಿ. ಅವು ಹಳೆಯದಾಗಿ ಕಾಣೋದೇ ಇಲ್ಲ. ಜರ್ಮನಿಯ ಇಂಗೋಲ್‌ಷ್ಟಾಟ್‌ನ ಆಡಿ ಮ್ಯೂಸಿಯಂನಲ್ಲಿ ಆಟೋ ಯೂನಿಯನ್ ಟೈಪ್ ಡಿ ಎದುರು ನಿಂತು ನೋಡಿ. ಬೆಳ್ಳಿ ಬಣ್ಣದ ಮೈಮೇಲೆ ಒಂದು ಗೀರಿಲ್ಲ. ಚಕ್ರದ ಒಂದೊಂದು ಕಡ್ಡಿಯೂ ಫಳಫಳ ಅನ್ನುತ್ತೆ. ಒಬ್ಬನೇ ಕೂರುವ ಆ ಸೀಟಿನ ಬಟ್ಟೆ ಕೂಡ ಯಾರೂ ಕೂತೇ ಇಲ್ಲವೇನೋ ಅನ್ನುವ ಹಾಗಿದೆ. ಇದು ಮಹಾಯುದ್ಧಕ್ಕೆ ಮುಂಚಿನ ಕಾರು. ಗಣಿಯಲ್ಲಿ ಬಚ್ಚಿಟ್ಟುಕೊಂಡು ಕೂತಿತ್ತು, ಸೋವಿಯತ್ ಸೈನ್ಯದ ಕೈಗೆ ಸಿಕ್ಕಿ ಸಾವಿರಾರು ಕಿಲೋಮೀಟರ್ ದೂರ ಹೋಯಿತು, ಅಲ್ಲಿ ಬಿಚ್ಚಿಸಿಕೊಂಡು ತುಂಡುತುಂಡಾಗಿ ದಶಕಗಳನ್ನು ಕಳೆಯಿತು. ಇಷ್ಟೆಲ್ಲ ಆಗಿದ್ದಕ್ಕೆ ಮೈಮೇಲೆ ಒಂದು ಗುರುತಾದರೂ ಬೇಡವಾ?

ರಿಪೇರಿ ಮಾಡಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಹಳೆಯ ವಸ್ತುವನ್ನು ರಿಪೇರಿ ಮಾಡೋರು ಮೊದಲು ಒಂದು ತಾರೀಖು ಆರಿಸಿಕೊಳ್ಳಬೇಕಾಗುತ್ತೆ. ಇದನ್ನು ಯಾವ ದಿನ ಇದ್ದ ಹಾಗೆ ಮಾಡೋಣ ಅಂತ. ಟೈಪ್ ಡಿ ವಿಷಯದಲ್ಲಿ ಆರಿಸಿದ್ದು 1938–39. ಈ ಕಾರು ರೇಸ್ ಓಡಿದ್ದೇ ಆ ಎರಡು ಸೀಸನ್. ಆಮೇಲಿನ ನಲವತ್ತೈದು ವರ್ಷ, ಅಂದರೆ ಅದರ ಆಯಸ್ಸಿನ ಅರ್ಧಕ್ಕಿಂತ ಜಾಸ್ತಿ ಭಾಗ, ಪಾಲಿಶ್ ಜೊತೆ ಒರೆಸಿ ಹೋಯಿತು. ಆ ನಲವತ್ತೈದು ವರ್ಷ ಇಲ್ಲದೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಅನ್ನೋದು ನನ್ನನ್ನು ಕೊರೆಯುತ್ತಿರುವ ವಿಷಯ.

ಎರಡೇ ಸೀಸನ್

ಆ ಎರಡು ಸೀಸನ್ ಸಾಮಾನ್ಯದ್ದಲ್ಲ ಅನ್ನೋದನ್ನೂ ಒಪ್ಪಬೇಕು. ಆಡಿ, ಡಿಕೆಡಬ್ಲ್ಯು, ಹಾರ್ಷ್, ವಾಂಡರರ್ ನಾಲ್ಕೂ ಸೇರಿ 1932ರಲ್ಲಿ ಆದ ಕಂಪನಿ ಆಟೋ ಯೂನಿಯನ್. ಇವತ್ತಿನ ಆಡಿಯ ನಾಲ್ಕು ಬಳೆ ಅದೇ. ರೇಸ್ ಕಾರು ತಯಾರಾಗುತ್ತಿದ್ದದ್ದು ಸ್ಯಾಕ್ಸನಿಯ ತ್ಸ್ವಿಕಾವ್ ಊರಿನ ಹಾರ್ಷ್ ಕಾರ್ಖಾನೆಯಲ್ಲಿ. ಮೊದಲು ಬಂದದ್ದು ಫರ್ಡಿನಾಂಡ್ ಪೋರ್ಷೆ ಅವರ ವಿನ್ಯಾಸ. ಹದಿನಾರು ಸಿಲಿಂಡರ್ ಎಂಜಿನ್ನು, ಅದೂ ಡ್ರೈವರ್ ಬೆನ್ನ ಹಿಂದೆ. ಎಲ್ಲರೂ ಎಂಜಿನ್ನು ಮುಂದಿಟ್ಟು ಓಡಿಸುತ್ತಿದ್ದ ಕಾಲ ಅದು. ಡ್ರೈವರ್ ಎಷ್ಟು ಮುಂದೆ ಕೂರುತ್ತಿದ್ದ ಅಂದರೆ, ಹಿಂದಿನ ಚಕ್ರ ಜಾರಲು ಶುರುವಾಗಿದ್ದು ಅವನ ಸೊಂಟಕ್ಕೆ ಗೊತ್ತಾಗೋ ಹೊತ್ತಿಗೆ ತಡವಾಗಿರುತ್ತಿತ್ತು. 1936ರ ಹೊತ್ತಿಗೆ ಆ ಎಂಜಿನ್ನು ಆರು ಲೀಟರ್ ಆಗಿ ಐನೂರಿಪ್ಪತ್ತು ಕುದುರೆಶಕ್ತಿ ಕೊಡುತ್ತಿತ್ತು. ಟೈರುಗಳು ಸಪೂರ. ಸೀಟ್ ಬೆಲ್ಟ್ ಇಲ್ಲ. ತಲೆಗೆ ಬಟ್ಟೆಯ ಟೋಪಿ.

1938ಕ್ಕೆ ನಿಯಮ ಬದಲಾಯಿತು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇದ್ದರೆ ಮೂರು ಲೀಟರ್ ಮೀರುವ ಹಾಗಿಲ್ಲ. ಆಗ ಬಂದದ್ದೇ ಟೈಪ್ ಡಿ. ಹನ್ನೆರಡು ಸಿಲಿಂಡರ್, ಮೂರು ಕ್ಯಾಮ್‌ಶಾಫ್ಟ್, ಹಿಂದಗಡೆ ಡಿ ಡಿಯಾನ್ ಆಕ್ಸಲ್. ಪೆಟ್ರೋಲ್ ಟ್ಯಾಂಕು ಪಕ್ಕಕ್ಕೆ ಹೋಗಿದ್ದರಿಂದ ಡ್ರೈವರ್ ಸ್ವಲ್ಪ ಹಿಂದೆ ಕೂರುವಂತಾಯಿತು, ಕಾರು ಮಾತು ಕೇಳಲು ಶುರು ಮಾಡಿತು. ಸೀಸನ್ ಶುರುವಾಗುವ ಮೊದಲೇ ಆಟೋ ಯೂನಿಯನ್ನಿನ ದೊಡ್ಡ ಡ್ರೈವರ್ ಬರ್ನ್ಡ್ ರೋಸೆಮೆಯರ್ ತೀರಿಕೊಂಡಿದ್ದರು. 1938ರ ಜನವರಿ 28ರಂದು ಫ್ರಾಂಕ್‌ಫರ್ಟ್ ಹೈವೇಯಲ್ಲಿ ವೇಗದ ದಾಖಲೆ ಮಾಡಲು ಹೋಗಿ ಸತ್ತರು. (ಅವರ ಹೆಂಡತಿ, ಎಲ್ಲೀ ಬೈನ್‌ಹಾರ್ನ್ ಅನ್ನೋರು, ಪೈಲಟ್. ಮದುವೆಗೆ ಮುಂಚೆ ಒಬ್ಬಳೇ ಪುಟ್ಟ ವಿಮಾನದಲ್ಲಿ ಭಾರತದ ಮೇಲಿಂದ ಆಸ್ಟ್ರೇಲಿಯಾವರೆಗೆ ಹಾರಿದ್ದ ಹೆಣ್ಣುಮಗಳು. ಅವಳದ್ದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಬರೆಯುತ್ತೇನೆ.) ರೋಸೆಮೆಯರ್ ಜಾಗಕ್ಕೆ ಬಂದವರು ಇಟಲಿಯ ತಾತ್ಸಿಯೋ ನುವೊಲಾರಿ. ನಲವತ್ತೈದು ದಾಟಿದ, ಕುಳ್ಳಗಿನ, ಒಣಕಲು ಮನುಷ್ಯ. ಬಂದ ವರ್ಷವೇ ಇಟಲಿಯ ಮಾಂಝಾ ರೇಸ್ ಗೆದ್ದರು. ಆಮೇಲೆ ಇಂಗ್ಲೆಂಡಿನ ಡಾನಿಂಗ್ಟನ್ನಿಗೆ ಹೋದರು. ಪ್ರಾಕ್ಟೀಸಿನಲ್ಲಿ ಅಡ್ಡ ಬಂದ ಒಂದು ಗಂಡು ಜಿಂಕೆಗೆ ಗುದ್ದಿಯೂ ರೇಸ್ ಗೆದ್ದರು. ಈ ಕಾರಿನಲ್ಲಿ ಅವರ ಕೊನೆಯ ಗೆಲುವು ಬೆಲ್‌ಗ್ರೇಡ್‌ನಲ್ಲಿ ಆಯಿತು, 1939ರ ಸೆಪ್ಟೆಂಬರ್ 3ರಂದು. ಬ್ರಿಟನ್ನು, ಫ್ರಾನ್ಸು ಜರ್ಮನಿಯ ಮೇಲೆ ಯುದ್ಧ ಸಾರಿದ್ದು ಅದೇ ದಿನ. ರೇಸಿಗೆ ನಿಂತದ್ದು ಐದೇ ಕಾರು.

ಇಂಥ ಕಾರನ್ನು ಆ ದಿನಗಳಿಗೆ ವಾಪಸ್ ಕರೆದೊಯ್ಯಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ, ಸಹಜ. ಆದರೆ ಆ ದಿನಗಳಿಗೂ ಪೂರ್ತಿಯಾಗಿ ಏನೂ ಹೋಗಿಲ್ಲ ನೋಡಿ. ಈ ರೇಸಿಂಗಿಗೆ ಹಿಟ್ಲರ್ ಸರ್ಕಾರದ ದುಡ್ಡಿತ್ತು. ಡ್ರೈವರುಗಳು ನಾಜಿ ಪಕ್ಷದ ಮೋಟಾರು ದಳಕ್ಕೆ ಸೇರಲೇಬೇಕಿತ್ತು. ರೋಸೆಮೆಯರ್ ನಾಜಿಗಳ ಎಸ್‌ಎಸ್ ಪಡೆಯಲ್ಲೂ ಇದ್ದರು. ಆ ಕಾಲದ ಫೋಟೋಗಳಲ್ಲಿ ಆಟೋ ಯೂನಿಯನ್ ಕಾರುಗಳ ಡ್ರೈವರ್ ತಲೆ ಹಿಂದಿನ ಉಬ್ಬಿನ ಮೇಲೆ ನಾಜಿ ಚಿಹ್ನೆ ಕಾಣುತ್ತೆ. ರಿಪೇರಿಯಾಗಿ ಬಂದ ಕಾರಿನಲ್ಲಿ ಅದಿಲ್ಲ. ಇರಬೇಕು ಅಂತಲೂ ನಾನು ಹೇಳಲ್ಲ, ಜರ್ಮನಿಯಲ್ಲಿ ಅದನ್ನು ಸುಮ್ನೆ ಹಾಕಿಕೊಂಡು ತಿರುಗಲು ಕಾನೂನೂ ಬಿಡಲ್ಲ. ನಾನು ಹೇಳೋದಿಷ್ಟೇ, 1939 ಅಂತ ತಾರೀಖು ಆರಿಸಿದ ಮೇಲೂ ಅದರೊಳಗಿಂದ ಬೇಕಾದ್ದನ್ನು ಮಾತ್ರ ಹೆಕ್ಕಿಕೊಂಡಿದ್ದಾರೆ.

ಗಣಿಯಿಂದ ಮಾಸ್ಕೋಗೆ

ಯುದ್ಧ ಮುಗಿಯುವಾಗ ಆಟೋ ಯೂನಿಯನ್ ರೇಸ್ ಕಾರುಗಳು ತ್ಸ್ವಿಕಾವ್ ಬಳಿಯ ಕಲ್ಲಿದ್ದಲು ಗಣಿಯೊಂದರಲ್ಲಿ ಅಡಗಿದ್ದವು. ಆ ಭಾಗ ಸೋವಿಯತ್ ಪಾಲಿಗೆ ಬಂತು. ಸೈನ್ಯ ಕಾರುಗಳನ್ನು ಹುಡುಕಿ, ಯುದ್ಧ ಪರಿಹಾರದ ಲೆಕ್ಕದಲ್ಲಿ ತನ್ನ ದೇಶಕ್ಕೆ ಸಾಗಿಸಿತು. ಎದುರಾಳಿ ಮರ್ಸಿಡಿಸ್‌ನ ಊರು ಸ್ಟುಟ್‌ಗಾರ್ಟ್ ಪಶ್ಚಿಮದಲ್ಲಿತ್ತು, ಹಾಗಾಗಿ ಅವರ ಕಾರುಗಳು ಹೆಚ್ಚುಕಮ್ಮಿ ಮನೆಯಲ್ಲೇ ಉಳಿದವು. ಆಟೋ ಯೂನಿಯನ್ನಿಗೆ ಕಾರೂ ಹೋಯಿತು, ಕಾರ್ಖಾನೆಯೂ ಹೋಯಿತು. ಕಂಪನಿ 1949ರಲ್ಲಿ ಇಂಗೋಲ್‌ಷ್ಟಾಟ್‌ಗೆ ಬಂದು ಮೊದಲಿಂದ ಶುರು ಮಾಡಬೇಕಾಯಿತು. ತ್ಸ್ವಿಕಾವ್‌ನಲ್ಲಿ ಆಮೇಲೆ ತಯಾರಾದದ್ದು ಟ್ರಾಬಾಂಟ್. ಒಂದು ಕಾಲಕ್ಕೆ ಹದಿನಾರು ಸಿಲಿಂಡರ್ ಎಂಜಿನ್ ಕಟ್ಟಿದ ಊರು ಎರಡು ಸಿಲಿಂಡರ್ ಕಾರು ಕಟ್ಟಿಕೊಂಡು ಕೂತಿತು.

ಸೋವಿಯತ್ ಕಡೆ ಕಾರುಗಳನ್ನು ವಾಹನ ಸಂಶೋಧನಾ ಸಂಸ್ಥೆ, ಕಾರು ಕಾರ್ಖಾನೆ ಅಂತ ಅಲ್ಲಲ್ಲಿ ಹಂಚಿದರು. ಎಂಜಿನಿಯರುಗಳು ಬಿಚ್ಚಿದರು, ಅಳೆದರು, ನೋಡಿದರು. ಕುತೂಹಲ ತೀರಿದ ಮೇಲೆ ಹೆಚ್ಚಿನವು ಗುಜರಿಗೆ ಹೋದವು. ಪಶ್ಚಿಮದವರು ಈ ಭಾಗವನ್ನು ಹೇಳುವಾಗ ಧ್ವನಿಯಲ್ಲೊಂದು ನೋವು ಇರುತ್ತೆ. ಎಂಥ ಕಾರನ್ನು ಹಾಳು ಮಾಡಿದರಲ್ಲ ಅಂತ. ನನಗೆ ಹಾಗನ್ನಿಸಲ್ಲ. ಊರಿಗೆ ಊರೇ ಸುಟ್ಟುಹೋದ ದೇಶ ಅದು. ಅಲ್ಲಿನ ಎಂಜಿನಿಯರ್‌ಗೆ ಈ ಕಾರು ಕಲಾಕೃತಿ ಅಲ್ಲ, ಎರಡು ಹಂತದ ಸೂಪರ್‌ಚಾರ್ಜರ್ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸೋ ಸಾಮಾನು. ಇನ್ನೊಂದು ವಿಷಯ. ಜರ್ಮನಿಯಲ್ಲೇ ಉಳಿದಿದ್ದರೆ ಇವನ್ನು ಪೂಜೆ ಮಾಡಿ ಇಟ್ಟುಕೊಳ್ಳುತ್ತಿದ್ದರು ಅಂತ ಏನು ಗ್ಯಾರಂಟಿ? ಹಸಿವಿನ ಆ ವರ್ಷಗಳಲ್ಲಿ ಅಲ್ಯೂಮಿನಿಯಂಗೆ ಒಳ್ಳೆ ರೇಟಿತ್ತು.

ಪಾಲ್ ಕಾರಾಸಿಕ್ ಅನ್ನೋ ರಷ್ಯನ್ ಮೂಲದ ಅಮೆರಿಕನ್, ತನ್ನ ಹೆಂಡತಿ ಬಾರ್ಬರಾ ಜೊತೆ ಸೇರಿ, ಸೋವಿಯತ್ ಒಕ್ಕೂಟ ಇನ್ನೂ ಇದ್ದಾಗಲೇ ಈ ಕಾರುಗಳ ಹಿಂದೆ ಬಿದ್ದರು. ವರ್ಷಗಟ್ಟಲೆ ಓಡಾಡಿ, ರಷ್ಯಾ, ಉಕ್ರೇನ್ ಕಡೆಯಿಂದ ಎರಡು ಟೈಪ್ ಡಿ ಕಾರುಗಳ ಭಾಗಗಳನ್ನು ಕೂಡಿಸಿಕೊಂಡು ಹೊರಗೆ ತಂದರು. ಅವರ ಕೈಗೆ ಸಿಕ್ಕಿದ್ದು ಇಡೀ ಕಾರಲ್ಲ, ಬಿಡಿಭಾಗಗಳ ರಾಶಿ. ಅದನ್ನು ಇಂಗ್ಲೆಂಡಿನ ಸಸೆಕ್ಸ್‌ನ ಕ್ರಾಸ್ತ್‌ವೈಟ್ ಅಂಡ್ ಗಾರ್ಡಿನರ್ ಅನ್ನೋ ವರ್ಕ್‌ಶಾಪಿಗೆ ಕೊಟ್ಟರು. ಮೈಯ ತಗಡನ್ನು ಹೊಸದಾಗಿ ಬಡಿದವರು ರೋಚ್ ಅನ್ನೋ ಇನ್ನೊಂದು ಇಂಗ್ಲಿಷ್ ವರ್ಕ್‌ಶಾಪಿನವರು. ತೊಂಬತ್ತರ ದಶಕದಲ್ಲಿ ಎರಡೂ ಕಾರು ಎದ್ದು ನಿಂತವು. ಆಮೇಲೆ ಒಂದಾದ ಮೇಲೊಂದು ಆಡಿ ಕೈಸೇರಿದವು. ಎರಡನೆಯದು ಬಂದದ್ದು 2012ರಲ್ಲಿ.

ಅಪ್ಪ ತಗಡು ನೋಡಿದ್ದು

ನಮ್ಮಪ್ಪ ಎಚ್‌ಎಎಲ್‌ನಲ್ಲಿ ಶೀಟ್ ಮೆಟಲ್ ಕೆಲಸ ಮಾಡಿ ರಿಟೈರಾದವರು. ಅವರು ಸೇರುವ ಹೊತ್ತಿಗೆ ಜರ್ಮನಿಯ ವಿಮಾನ ಎಂಜಿನಿಯರ್ ಕುರ್ಟ್ ಟ್ಯಾಂಕ್ ಬೆಂಗಳೂರು ಬಿಟ್ಟು ಹೋಗಿಯಾಗಿತ್ತು, ಆದರೆ ಟ್ಯಾಂಕ್ ವಿನ್ಯಾಸ ಮಾಡಿದ ಮಾರುತ್ ಯುದ್ಧವಿಮಾನ ಇನ್ನೂ ತಯಾರಾಗುತ್ತಿತ್ತು. (ಯುದ್ಧ ಮುಗಿದ ಮೇಲೆ ಜರ್ಮನಿಯ ಕಾರು ಮಾಸ್ಕೋಗೆ ಹೋದ ಹಾಗೆ ಜರ್ಮನಿಯ ಎಂಜಿನಿಯರುಗಳೂ ಎಲ್ಲೆಲ್ಲಿಗೋ ಹೋದರು. ಟ್ಯಾಂಕ್ ಅರ್ಜೆಂಟೀನಾ ಸುತ್ತಿಕೊಂಡು ನಮ್ಮೂರಿಗೆ ಬಂದಿದ್ದರು.) ಅಪ್ಪ ಅಮ್ಮ ನಮ್ಮ ಜೊತೆ ಇರಲು ಮ್ಯೂನಿಕ್‌ಗೆ ಬಂದಿದ್ದಾಗ ಒಂದು ಭಾನುವಾರ ಇಂಗೋಲ್‌ಷ್ಟಾಟ್‌ಗೆ ಕರೆದುಕೊಂಡು ಹೋದೆ. ಗಾಜಿನ ದುಂಡು ಕಟ್ಟಡ. ಒಳಗೆ ಕಾರುಗಳನ್ನು ಹೊತ್ತುಕೊಂಡು ನಿಲ್ಲದೇ ಮೇಲೆ ಕೆಳಗೆ ಸುತ್ತುವ ಒಂದು ಲಿಫ್ಟ್ ಇದೆ. ಅಮ್ಮ ಅದರ ಮುಂದೆಯೇ ಕುರ್ಚಿ ಹಿಡಿದು ಕೂತುಬಿಟ್ಟಳು.

ಅಪ್ಪ ಟೈಪ್ ಡಿ ಹತ್ತಿರ ಹೋದವರು ಎಂಜಿನ್ನು ಕಡೆ ನೋಡಲೇ ಇಲ್ಲ. ಮಂಡಿ ಹಿಡಿದುಕೊಂಡು ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂತರು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕಾರಿನ ಮೈಮೇಲೆ ಬಿದ್ದ ದೀಪಗಳ ನೆರಳನ್ನು ನೋಡತೊಡಗಿದರು. ಕೂತಲ್ಲೇ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಸರಿದರು. ಬೆಳಕಿನ ಗೆರೆ ಮೂತಿಯಿಂದ ಬಾಲದವರೆಗೆ ಜಾರುತ್ತಿತ್ತು.

"ಎಲ್ಲೂ ಮುರಿದಿಲ್ಲ ಕಣಮ್ಮ ಗೆರೆ" ಅಂದರು.

"ಅಂದ್ರೆ ಒಳ್ಳೆ ಕೆಲಸ ಅಂತಾನಾ?"

"ಒಳ್ಳೇದು ಅಂದ್ರೆ ಜಾಸ್ತಿನೇ ಒಳ್ಳೇದು. ರೇಸಿಗೆ ಅಂತ ಮಾಡೋನು ಇಷ್ಟು ನಯ ಮಾಡ್ತಾನಾ? ಹದಿನೈದು ದಿನಕ್ಕೆ ಇನ್ನೊಂದು ರೇಸ್ ಇರುತ್ತೆ. ತಗಡು ಕೂತ್ರೆ ಸಾಕು, ಬಣ್ಣ ಹೊಡಿ, ಹೋಗು ಅಂತಾನೆ. ಇದು ನೋಡೋದಕ್ಕೆ ಅಂತ ಮಾಡಿದ ತಗಡು."

ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಪಾಠ ಶುರುವಾಯಿತು. ಅಲ್ಯೂಮಿನಿಯಂ ಬಡೀತಾ ಬಡೀತಾ ಗಟ್ಟಿಯಾಗುತ್ತೆ, ಹಾಗೇ ಬಡಿದರೆ ಸೀಳು ಬಿಡುತ್ತೆ. ಅದಕ್ಕೆ ನಡುನಡುವೆ ಕಾಯಿಸಿ ಮೆದು ಮಾಡಬೇಕು. ಆದರೆ ಕಬ್ಬಿಣದ ಥರ ಅದು ಕೆಂಪಗಾಗಿ ಹೇಳಲ್ಲ, ಸುಮ್ನೆ ಇದ್ದು ಒಂದೇ ಸಲ ಕರಗಿ ಕೆಳಗೆ ಬೀಳುತ್ತೆ. ಹಾಗಾಗಿ ಹಳಬರು ತಗಡಿನ ಮೇಲೆ ಬಟ್ಟೆ ಸೋಪು ಉಜ್ಜಿ ಕಾಯಿಸುತ್ತಿದ್ದರು. ಸೋಪು ಕಪ್ಪಗಾಯಿತು ಅಂದರೆ ಸಾಕು, ಬೆಂಕಿ ತೆಗೆಯಬೇಕು. ಆಮೇಲೆ ಮರಳು ಚೀಲದ ಮೇಲಿಟ್ಟು ಕೊಡತಿಯಿಂದ ಬಡಿದು ಬಟ್ಟಲಾಗಿಸೋದು, ಮತ್ತೆ ಎರಡು ಚಕ್ರಗಳ ನಡುವೆ ಹಿಂದೆ ಮುಂದೆ ಉರುಳಿಸಿ ನುಣ್ಣಗೆ ಮಾಡೋದು. ಇದನ್ನೆಲ್ಲ ಹೇಳುವಾಗ ಅಪ್ಪನ ಎಡಗೈ ಇಲ್ಲದ ತಗಡನ್ನು ಹಿಡಿದು ತಿರುಗಿಸುತ್ತಿತ್ತು.

ಅವರು ಹೇಳಿದ್ದು ಸರಿ ಅಂತ ಆಮೇಲೆ ಹಳೆಯ ಫೋಟೋಗಳನ್ನು ನೋಡಿದಾಗ ಗೊತ್ತಾಯಿತು. ಮೂವತ್ತರ ದಶಕದ ಪಿಟ್ (ರೇಸಿನಲ್ಲಿ ಕಾರು ನಿಲ್ಲಿಸಿ ರಿಪೇರಿ ಮಾಡೋ ಜಾಗ) ಫೋಟೋಗಳಲ್ಲಿ ಈ ಕಾರುಗಳ ಮೈ ಅಲ್ಲಲ್ಲಿ ಅಲೆಅಲೆಯಾಗಿದೆ. ಎಣ್ಣೆ ಸುರಿದಿದೆ. ಅಂದರೆ ರಿಪೇರಿ ಮಾಡಿದವರು ಕಾರನ್ನು 1939ಕ್ಕೂ ಕರೆದೊಯ್ದಿಲ್ಲ, 1939ರಲ್ಲಿ ಅದು ಹೇಗಿದ್ದಿದ್ದರೆ ನಮಗೆ ಖುಷಿಯಾಗುತ್ತಿತ್ತೋ ಆ ದಿನಕ್ಕೆ ಕರೆದೊಯ್ದಿದ್ದಾರೆ.

ರಷ್ಯಾದ ಕಥೆಯನ್ನು ಕಾರಿನಲ್ಲಿ ವಾಪಸ್ ಬರುವಾಗ ಅಪ್ಪನಿಗೆ ಹೇಳಿದೆ. ಬಿಚ್ಚಿಹಾಕಿದ್ದಕ್ಕೆ ಅವರಿಗೇನೂ ಬೇಜಾರಾಗಲಿಲ್ಲ. "ಬಿಚ್ಚಿ ನೋಡೋದಕ್ಕೇ ತಾನೆ ತಗೊಂಡು ಹೋಗಿದ್ದು. ನಾವೂ ಹೊಸ ಮಷೀನ್ ಬಂದ್ರೆ ಮೊದಲು ಕವರ್ ಬಿಚ್ತಿದ್ವಿ" ಅಂದರು. ಅಮ್ಮ ಹಿಂದಿನ ಸೀಟಿಂದ "ಮನೇಲಿ ಮಿಕ್ಸಿನೂ ಹಾಗೇ ಬಿಚ್ಚಿಟ್ಟವರು ನೀವು" ಅಂದಳು.

ಒರಿಜಿನಲ್ ಯಾವುದು ಅನ್ನೋ ಜಗಳ

ಸರಿ, ಮೈ ಹೊಸದು, ಎಂಜಿನ್ನಿನ ಎಷ್ಟೋ ಭಾಗ ಹೊಸದು. ಹಾಗಾದರೆ ಇದು ಆ ಕಾರೇ ಅಲ್ಲವಲ್ಲ ಅಂತ ವಾದ ಮಾಡೋರು ಇದ್ದಾರೆ. ಈ ವಾದ ನನಗೆ ಅಷ್ಟು ರುಚಿಸಲ್ಲ. ರೇಸ್ ಕಾರು ತನ್ನ ಓಟದ ದಿನಗಳಲ್ಲೇ ಒಂದೇ ಥರ ಇರುತ್ತಿರಲಿಲ್ಲ. ರೇಸ್ ಮುಗಿದ ಕೂಡಲೇ ಎಂಜಿನ್ನು ಇಳಿಸೋರು, ಮುಂದಿನ ವಾರ ಅದು ಇನ್ನೊಂದು ಕಾರಿನ ಬೆನ್ನಿಗೆ. ಬೆಟ್ಟದ ರಸ್ತೆಯ ಓಟಕ್ಕೆ ಬೇಕು ಅಂತ ಟೈಪ್ ಡಿ ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ, ಹಳೆಯ ಟೈಪ್ ಸಿ ಹದಿನಾರು ಸಿಲಿಂಡರ್ ಎಂಜಿನ್ನು ಕೂರಿಸಿ, ಹಿಂದೆ ಜೋಡಿ ಟೈರು ಹಾಕಿ ಓಡಿಸಿದ್ದು ಕಂಪನಿಯವರೇ. ಅವರಿಗೆ ಇದು ಕೆಲಸದ ಸಾಮಾನು. ಒರಿಜಿನಲ್ ಅನ್ನೋ ಮಾತಿಗೆ ಬೆಲೆ ಬಂದದ್ದು ಕಾರಿಗೆ ಬೆಲೆ ಬಂದ ಮೇಲೆ.

2007ರಲ್ಲಿ ಪ್ಯಾರಿಸ್‌ನಲ್ಲಿ ಕ್ರಿಸ್ಟೀಸ್ ಹರಾಜಿಗೆ ಒಂದು ಟೈಪ್ ಡಿ ಬಂದಿತ್ತು. ಜಗತ್ತಿನ ಅತಿ ದುಬಾರಿ ಕಾರು ಆಗುತ್ತೆ ಅಂತೆಲ್ಲ ಸುದ್ದಿಯಾಯಿತು. ಅಷ್ಟರಲ್ಲಿ ಚಾಸಿ ನಂಬರಿನ ಬಗ್ಗೆ ಅನುಮಾನ ಬಂತು. ಯಾವ ರೇಸ್ ಓಡಿದ ಕಾರು ಅಂತ ಹೇಳಿದ್ದರೋ ಅದು ಇದೇನಾ, ಬೇರೆಯದಾ ಅಂತ. ಹರಾಜಿನಿಂದ ಕಾರನ್ನು ವಾಪಸ್ ತೆಗೆದುಕೊಂಡರು. ಯೋಚಿಸಿ ನೋಡಿ, ಕಾರಿನ ಒಂದು ಬೋಲ್ಟೂ ಬದಲಾಗಿಲ್ಲ. ಹಿಂದಿನ ದಿನ ಇದ್ದ ಕಬ್ಬಿಣವೇ, ಹಿಂದಿನ ದಿನ ಇದ್ದ ತಗಡೇ. ಬದಲಾದದ್ದು ಅದರ ಜಾತಕ ಮಾತ್ರ. ಅಲ್ಲಿಗೆ ಅಷ್ಟು ಕೋಟಿ ಅನುಮಾನಕ್ಕೆ ಬಿತ್ತು. ನಡುವಿನ ನಲವತ್ತೈದು ವರ್ಷವನ್ನು ಒರೆಸಿ ಹಾಕಿದರೆ ಆಗೋದು ಹೀಗೇ. ಯಾವ ಚಾಸಿ ಯಾವ ಸಂಸ್ಥೆಗೆ ಹೋಯಿತು, ಯಾರು ಏನು ಬಿಚ್ಚಿದರು ಅನ್ನೋದು ಅದರ ಮೈಮೇಲೇ ಅಷ್ಟಿಷ್ಟು ಬರೆದಿರಬೇಕಿತ್ತು.

ಇದರ ಎದುರು ಒಂದು ಮಾತಿದೆ, ಅದನ್ನು ನಾನು ತಳ್ಳಿಹಾಕಲಾರೆ. ಅದು ಶಬ್ದ. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ಬೆಟ್ಟದ ರಸ್ತೆಯಲ್ಲಿ ಒಂದು ಪ್ರದರ್ಶನದಲ್ಲಿ ಆಟೋ ಯೂನಿಯನ್ ಸ್ಟಾರ್ಟ್ ಆಗೋದನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೆ ತನ್ನದೇ ಸ್ಟಾರ್ಟರ್ ಇಲ್ಲ. ಮೆಕ್ಯಾನಿಕ್ ಒಬ್ಬ ಮೋಟಾರು ತಂದು ಬಾಲದ ತೂತಿಗೆ ಸಿಕ್ಕಿಸಿದ. ಇನ್ನೊಬ್ಬ ಕೈ ಎತ್ತಿದ. ಮೊದಲು ಕೆಮ್ಮಿದ ಹಾಗೆ ಎರಡು ಸದ್ದು, ಬಿಳಿ ಹೊಗೆ. ಆಮೇಲೆ ಒಂದೇ ಸಲ ಎಲ್ಲ ಸಿಲಿಂಡರೂ ಹತ್ತಿಕೊಂಡವು. ಕಿವಿಗಿಂತ ಮುಂಚೆ ಎದೆಗೆ ಕೇಳಿಸಿತು. ಕುಡಿಯೋದು ಮಾಮೂಲಿ ಪೆಟ್ರೋಲ್ ಅಲ್ಲ, ಮೆಥನಾಲ್ ಬೆರೆಸಿದ್ದು. ಕಣ್ಣು ಉರಿದು ನೀರು ಬಂತು. ಸುತ್ತ ನಿಂತವರೆಲ್ಲ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು, ನಾನೂ ಅಷ್ಟೇ. ಆ ಹೊತ್ತಿಗೆ ಯಾರಾದರೂ ಬಂದು ಈ ಪಿಸ್ಟನ್ ಸಸೆಕ್ಸ್‌ನಲ್ಲಿ ಮಾಡಿದ್ದು ಅಂದಿದ್ದರೆ ಸ್ವಲ್ಪ ಆಚೆ ನಿಲ್ಲಿ ಅನ್ನುತ್ತಿದ್ದೆ. ಬಿಡಿಭಾಗಗಳ ರಾಶಿಯನ್ನು ಹಾಗೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಈ ಶಬ್ದ ಯಾರಿಗೂ ಕೇಳುತ್ತಿರಲಿಲ್ಲ.

ಹಾಗಾಗಿ ಎಲ್ಲವನ್ನೂ ಹಾಗೇ ಬಿಡಬೇಕಿತ್ತು ಅನ್ನೋ ಕಡೆಗೆ ನಾನು ಹೋಗಲ್ಲ. ಆದರೆ ಸೋವಿಯತ್ ಒಕ್ಕೂಟದಿಂದ ವಾಪಸ್ ಬಂದ ಕಾರುಗಳು ಒಂದಕ್ಕಿಂತ ಜಾಸ್ತಿ ಇದ್ದವಲ್ಲ. ಒಂದನ್ನಾದರೂ ಸಿಕ್ಕ ಸ್ಥಿತಿಯಲ್ಲಿ ಇಡಬಹುದಿತ್ತು. ಪಕ್ಕದಲ್ಲಿ ಹೊಳೆಯುವ ಕಾರೂ ಇರಲಿ.

ರೀಗಾದಲ್ಲಿ ಇರೋದು ಕಾಪಿ

ನನ್ನನ್ನು ಜಾಸ್ತಿ ಕಾಡುವುದು ಕಾರಾಸಿಕ್ ಕಾರುಗಳಲ್ಲ, ಲಾಟ್ವಿಯಾದ ರೀಗಾಕ್ಕೆ ಹೋದ ಕಾರು. ಮೇಲೆ ಹೇಳಿದೆನಲ್ಲ, ಬೆಟ್ಟದ ಓಟದ ಹದಿನಾರು ಸಿಲಿಂಡರಿನದ್ದು, ಅದೇ. ಅದು ಮಾಸ್ಕೋದ ಜಿಲ್ ಅನ್ನೋ ಮೋಟಾರು ಕಾರ್ಖಾನೆಯಲ್ಲಿತ್ತು. 1976ರಲ್ಲಿ ಅದನ್ನು ಗುಜರಿಗೆ ಹಾಕುತ್ತಾರೆ ಅನ್ನೋ ಸುದ್ದಿ ರೀಗಾದ ಹಳೆ ಕಾರು ಕ್ಲಬ್ಬಿನ ವಿಕ್ಟರ್ಸ್ ಕುಲ್‌ಬರ್ಗ್ಸ್ ಕಿವಿಗೆ ಬಿತ್ತು. ಅವರು ಮಾಸ್ಕೋಗೆ ಹೋಗಿ ಹೇಗೋ ಬಿಡಿಸಿಕೊಂಡು ಬಂದರು. ಆ ಕಾಲದ ಸೋವಿಯತ್ ಆಫೀಸುಗಳಲ್ಲಿ ಗುಜರಿಗೆ ಅಂತ ಬರೆದಾದ ಸಾಮಾನನ್ನು ಬಿಡಿಸಿಕೊಳ್ಳಲು ಎಷ್ಟು ಮೇಜು ಸುತ್ತಿರಬೇಕು ಅನ್ನೋದು ನಮ್ಮ ಕಡೆಯ ಯಾರಿಗೂ ವಿವರಿಸಬೇಕಿಲ್ಲ. ಆಮೇಲೆ ರೀಗಾದ ಮೋಟಾರು ಮ್ಯೂಸಿಯಂಗೆ ಅದೇ ಮುಖ್ಯ ಆಕರ್ಷಣೆಯಾಯಿತು.

ತೊಂಬತ್ತರ ದಶಕದಲ್ಲಿ ಆಡಿ ಬಂದು ಆ ಕಾರನ್ನು ತಾನು ತೆಗೆದುಕೊಂಡಿತು, ಬದಲಿಗೆ ರೀಗಾಕ್ಕೆ ಅದೇ ಸಸೆಕ್ಸ್ ವರ್ಕ್‌ಶಾಪಿನಲ್ಲಿ ತಯಾರಾದ ಒಂದು ಪ್ರತಿಕೃತಿ ಕೊಟ್ಟಿತು. ಮೋಸ ಅಲ್ಲ, ಎರಡೂ ಕಡೆ ಒಪ್ಪಿಕೊಂಡು ಮಾಡಿದ ವ್ಯವಹಾರ. ತಯಾರಿಸಿದ ಕಂಪನಿಗೆ ತನ್ನ ಕಾರು ಬೇಕು ಅನ್ನಿಸೋದರಲ್ಲಿ ತಪ್ಪೂ ಇಲ್ಲ. ಆದರೂ ನನಗೆ ಸಮಾಧಾನ ಇಲ್ಲ. ಕಾರನ್ನು ಗುಜರಿಯಿಂದ ಉಳಿಸಿದ ಊರಿನಲ್ಲಿ ಕಾಪಿ ಇದೆ. ಬಿಟ್ಟು ಓಡಿಬರಬೇಕಾದವರ ಹತ್ತಿರ ಅಸಲಿ ಇದೆ, ಅದೂ ಉಳಿಸಿದವರ ಕಾಲದ ಗುರುತೆಲ್ಲ ಹೋದ ಮೇಲೆ. ರೀಗಾಕ್ಕೆ ಹೋಗಿ ಆ ಕಾಪಿಯನ್ನು ನೋಡಬೇಕು ಅಂತ ನನಗೆ ಬಹಳ ಆಸೆ. ಅದರಲ್ಲಿ ಹಳೆಯ ಕಬ್ಬಿಣ ಒಂದು ಚೂರೂ ಇಲ್ಲದಿರಬಹುದು, ಆದರೆ ಕುಲ್‌ಬರ್ಗ್ಸ್ ಕಥೆ ಹೇಳಲು ಸರಿಯಾದ ಜಾಗ ಅದೇ.

ಈಗ ಆಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮೂವತ್ತರ ದಶಕದಲ್ಲಿ ಪೋರ್ಷೆ ಆಫೀಸು ಕಾಗದದ ಮೇಲೆ ಬರೆದಿಟ್ಟ ಟೈಪ್ 52 ಅನ್ನೋ ಸ್ಪೋರ್ಟ್ಸ್ ಕಾರನ್ನು, ಮತ್ತೆ ಅದೇ ಕ್ರಾಸ್ತ್‌ವೈಟ್ ಅಂಡ್ ಗಾರ್ಡಿನರ್ ಕೈಯಲ್ಲಿ ಕಟ್ಟಿಸಿ, 2024ರಲ್ಲಿ ಇಂಗ್ಲೆಂಡಿನ ಗುಡ್‌ವುಡ್ ಕಾರು ಉತ್ಸವದಲ್ಲಿ ಓಡಿಸಿತು. ನಡುವೆ ಡ್ರೈವರ್, ಆಚೀಚೆ ಒಬ್ಬೊಬ್ಬರು, ಹಿಂದೆ ಹದಿನಾರು ಸಿಲಿಂಡರ್. ಅದರ ಫೋಟೋ ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಸುಮಾರು ಹೊತ್ತು ಬಿಟ್ಟು ವಾಯ್ಸ್ ಮೆಸೇಜ್ ಬಂತು. "ಇದು ಚೆನ್ನಾಗಿದೆ ಕಣಮ್ಮ. ಹೊಸಾ ಕಾರು ಅಂತ ಅವರೇ ಹೇಳ್ತಿದಾರಲ್ಲ, ಮುಗೀತು. ಬಾಗಿಲ ಹತ್ರ ತಗಡು ಹೆಂಗೆ ಮಡಚಿದಾರೆ ಅಂತ ಗೊತ್ತಾಗ್ತಿಲ್ಲ, ಪಕ್ಕದಿಂದ ತೆಗೆದಿರೋದು ಇದ್ರೆ ಕಳ್ಸು."